ಮೆಷಿನ್ ಯಾವ ಹಂತದಲ್ಲಿ ನಿಲ್ಲುತ್ತದೆ ನೋಡಿ

ಪ್ರೀತಿಯ ಅಪ್ಪ, ಅಮ್ಮ,

ನಮಸ್ಕಾರ. ವಾಷಿಂಗ್ ಮೆಷಿನ್ ನೀರು ತುಂಬಿಕೊಂಡು ಹಾಗೇ ನಿಂತುಬಿಡುತ್ತದೆ, ಬಟ್ಟೆ ಹಿಂಡುವುದೇ ಇಲ್ಲ ಅಂದಿರಿ. ಫೋನಿನಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಮೆಕ್ಯಾನಿಕ್‌ಗೆ ಹೇಳುವ ಮೊದಲು ಮೆಷಿನ್ ಯಾವ ಹಂತದಲ್ಲಿ ನಿಲ್ಲುತ್ತದೆ ಅಂತ ಗಮನಿಸಿ: ನೀರು ತುಂಬುವಾಗಲೋ, ಒಗೆಯುವಾಗಲೋ, ನೀರು ಬಿಡುವಾಗಲೋ, ಹಿಂಡುವಾಗಲೋ. ಅಷ್ಟು ಗೊತ್ತಾದರೆ ಹುಡುಕಾಟ ಅರ್ಧ ಮುಗಿದ ಹಾಗೆ.

ಒಳಗೆ ನೀರು ಉಳಿದಿದ್ದರೆ ಮೆಷಿನ್ ಹಿಂಡುವುದಿಲ್ಲ, ಬಾಗಿಲೂ ತೆಗೆಯಲು ಬಿಡುವುದಿಲ್ಲ. ಹಾಗಾಗಿ ನಿಮ್ಮಲ್ಲಿ ಮೊದಲ ಅನುಮಾನ ಡ್ರೈನ್ ಪಂಪಿನ, ಅಂದರೆ ನೀರನ್ನು ಹೊರಗೆ ತಳ್ಳುವ ಪಂಪಿನ, ಫಿಲ್ಟರ್ ಮೇಲೆ. ಸ್ವಿಚ್ ಆರಿಸಿ ಪ್ಲಗ್ ಕಿತ್ತಿಡಿ. ಬಿಸಿನೀರಿನಲ್ಲಿ ಒಗೆಯುತ್ತಿದ್ದರೆ ನೀರು ತಣ್ಣಗಾಗುವವರೆಗೆ ಕಾಯಿರಿ. ಮುಂದಿನಿಂದ ಬಟ್ಟೆ ಹಾಕುವ ಮೆಷಿನ್ನುಗಳಲ್ಲಿ ಕೆಳಗಡೆ, ಸಾಮಾನ್ಯವಾಗಿ ಬಲ ಮೂಲೆಯಲ್ಲಿ, ಒಂದು ಪುಟ್ಟ ಮುಚ್ಚಳ ಇರುತ್ತದೆ. ಅದರೊಳಗೆ ಸಣ್ಣ ರಬ್ಬರ್ ಪೈಪ್ ಇದ್ದರೆ ಚಪ್ಪಟೆ ತಟ್ಟೆ ಇಟ್ಟು, ಬಿರಡೆ ತೆಗೆದು ಮೊದಲು ಅದರಿಂದಲೇ ನೀರು ಖಾಲಿ ಮಾಡಿ. ಪೈಪ್ ಇಲ್ಲದಿದ್ದರೆ ಫಿಲ್ಟರಿನ ತಿರುಪನ್ನು ಎಡಕ್ಕೆ ಸ್ವಲ್ಪವೇ ಸಡಿಲಿಸಿ, ತಟ್ಟೆ ತುಂಬಿದ ಕೂಡಲೇ ಬಿಗಿ ಮಾಡಿ, ಚೆಲ್ಲಿ, ಮತ್ತೆ ಸಡಿಲಿಸಿ. ಒಮ್ಮೆಲೇ ತೆಗೆದರೆ ಡ್ರಮ್ಮಿನ ನೀರೆಲ್ಲ ನೆಲಕ್ಕೆ ಬರುತ್ತದೆ.

ಫಿಲ್ಟರ್ ಹೊರಬಂದಾಗ ಬೂದು ಬಣ್ಣದ ಲೋಳೆ, ನೂಲಿನ ಸಿಕ್ಕು, ಗುಂಡಿ, ನಾಣ್ಯ, ಹೇರ್‌ಪಿನ್ ಏನಾದರೂ ಸಿಗಬಹುದು. ಅಷ್ಟಕ್ಕೇ ನಿಲ್ಲಿಸಬೇಡಿ. ಟಾರ್ಚ್ ಬಿಟ್ಟು ಫಿಲ್ಟರ್ ಇದ್ದ ಗೂಡಿನ ತುದಿ ನೋಡಿ: ಅಲ್ಲಿ ಚಿಕ್ಕ ರೆಕ್ಕೆಗಳ ಚಕ್ರ ಇದೆ. ಕೂದಲು ಸುತ್ತಿಕೊಂಡಿದ್ದರೆ ಚಿಮಟದಿಂದ ಬಿಡಿಸಿ, ಬೆರಳಿನಿಂದ ತಿರುಗಿಸಿ. ತಡೆತಡೆದು ತಿರುಗಿದರೆ ಗಾಬರಿ ಬೇಡ, ಒಳಗಿನ ಆಯಸ್ಕಾಂತದಿಂದ ಹಾಗಾಗುತ್ತದೆ. ಅಲುಗದೇ ಇದ್ದರೆ ಅಥವಾ ರೆಕ್ಕೆ ಮುರಿದಿದ್ದರೆ ಪಂಪ್ ಬದಲಿಸಬೇಕು. ಮತ್ತೆ ಹಾಕುವಾಗ ರಬ್ಬರ್ ರಿಂಗ್ ಒರೆಸಿ, ತಿರುಪನ್ನು ನೆಟ್ಟಗೆ ಕೂರಿಸಿ ಬಿಗಿ ಮಾಡಿ. ಓರೆಯಾಗಿ ಕೂತರೆ ಸೋರುತ್ತದೆ.

ಫಿಲ್ಟರ್ ಸ್ವಚ್ಛವಿದ್ದೂ ನೀರು ಹೋಗದಿದ್ದರೆ ಮೆಷಿನ್ ಹಿಂಬದಿಯಲ್ಲಿರುವ ನೀರು ಬಿಡುವ ಪೈಪ್ ಮಡಚಿಕೊಂಡಿದೆಯೇ ನೋಡಿ. ಅಪ್ಪ, ಮೆಷಿನ್ನನ್ನು ಒಬ್ಬರೇ ಎಳೆಯಬೇಡಿ, ತುಂಬಾ ಭಾರ. ಪೈಪಿನ ತುದಿ ನೆಲದಿಂದ ಸುಮಾರು 60ರಿಂದ 100 ಸೆಂ.ಮೀ. ಎತ್ತರದಲ್ಲಿರಬೇಕು. ಕೆಳಗೆ ಬಿದ್ದಿದ್ದರೆ ತುಂಬಿದ ನೀರು ತಾನಾಗಿಯೇ ಹರಿದುಹೋಗುತ್ತದೆ, ಮೆಷಿನ್ ತುಂಬಿಸುತ್ತಲೇ ಇರುತ್ತದೆ.

ನೀರೆಲ್ಲ ಹೋಗಿಯೂ ಹಿಂಡದಿದ್ದರೆ ಕಾರಣ ಬೇರೆ. ಒಂದೇ ದಪ್ಪ ಹೊದಿಕೆ ಹಾಕಿದರೆ ಅದು ಒಂದು ಕಡೆ ಮುದ್ದೆಯಾಗಿ ತೂಕ ವಾಲುತ್ತದೆ. ಮೆಷಿನ್ ಕೆಲವು ಸಲ ಸರಿಪಡಿಸಲು ನೋಡಿ ಕೈಬಿಡುತ್ತದೆ. ಜೊತೆಗೆ ಎರಡು ಮೂರು ಟವೆಲ್ ಹಾಕಿ. ಸೋಪಿನ ಪುಡಿ ಹೆಚ್ಚಾದರೂ ಇದೇ ಗತಿ: ಪಂಪ್ ನೀರನ್ನು ತಳ್ಳಬಲ್ಲದು, ನೊರೆಯನ್ನಲ್ಲ. ಅಮ್ಮ, ಪುಡಿ ಹಾಕದೆ ಬರೀ ಜಾಲಿಸುವ ಪ್ರೋಗ್ರಾಂ ಒಮ್ಮೆ ಓಡಿಸಿ.

ನೀರೇ ನಿಧಾನವಾಗಿ ಬಂದರೆ ನಲ್ಲಿ ಮುಚ್ಚಿ, ಒಳಬರುವ ಪೈಪ್ ಬಿಚ್ಚಿ, ಮೆಷಿನ್ ಬಾಯಲ್ಲಿರುವ ಜಾಲರಿ ತೊಳೆಯಿರಿ. ಮರಳು, ಸುಣ್ಣ ಅಲ್ಲೇ ಕಟ್ಟಿಕೊಳ್ಳುವುದು.

ಮೆಷಿನ್ ಹಾಕಿದಾಗ ಮನೆಯ ಕರೆಂಟ್ ಟ್ರಿಪ್ ಆಗುವುದೇನಾದರೂ ಇದ್ದರೆ ತಣ್ಣೀರಿನಲ್ಲಿ ಒಮ್ಮೆ ಪರೀಕ್ಷಿಸಿ. ತಣ್ಣೀರಿನಲ್ಲಿ ಓಡಿ, ಬಿಸಿ ಮಾಡುವಾಗ ಮಾತ್ರ ಟ್ರಿಪ್ ಆದರೆ ಹೀಟರಿನಲ್ಲಿ ವಿದ್ಯುತ್ ಸೋರುತ್ತಿರಬಹುದು. ಮೈಗೆ ಜುಮ್ ಅಂದರೆ, ಸುಟ್ಟ ವಾಸನೆ ಬಂದರೆ ಪರೀಕ್ಷೆಯೂ ಬೇಡ, ಪ್ಲಗ್ ಕಿತ್ತು ಮೆಕ್ಯಾನಿಕ್‌ನನ್ನು ಕರೆಯಿರಿ. ಹಿಂದಿನ ಹಲಗೆ ನೀವು ಬಿಚ್ಚಬೇಡಿ: ಪ್ಲಗ್ ತೆಗೆದ ಮೇಲೂ ವಿದ್ಯುತ್ ಹಿಡಿದಿಡುವ ಕೆಪಾಸಿಟರ್ ಎಂಬ ಭಾಗದಲ್ಲಿ ವಿದ್ಯುತ್ ಉಳಿದಿರಬಹುದು.

ಡಿಸ್‌ಪ್ಲೇ ಮೇಲೆ ಬರುವ ಕೋಡ್ ಮತ್ತು ಬಾಗಿಲ ಅಂಚಿನ ಮಾಡೆಲ್ ನಂಬರಿನ ಫೋಟೋ ಕಳಿಸಿ. ಪಂಪೇ ಹೋಗಿದ್ದರೆ ಯಾವ ಬಿಡಿಭಾಗ ತರಿಸಬೇಕು ಅಂತ ಇಲ್ಲಿಂದಲೇ ನೋಡಿ ತಿಳಿಸುತ್ತೇನೆ.

ಇಂತಿ ನಿಮ್ಮ ಮಗ