ಮಗಳಿಗೊಂದು ಪತ್ರ: ದಿಮ್ಮಿಯ ಮನೆ ಕಟ್ಟುವ ಮುನ್ನ

ಧಾರವಾಡ

ಚಿ. ಸೌ. ಮಗಳಿಗೆ ನಿನ್ನ ಅವ್ವನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ಅಳಿಯಂದಿರೂ ಮೊಮ್ಮಕ್ಕಳೂ ಆರೋಗ್ಯದಿಂದ ಇದ್ದಾರೆಂದು ನಂಬಿದ್ದೇನೆ.

ಕಲಘಟಗಿ ರಸ್ತೆಯ ಜಾಗಕ್ಕಾಗಿ ನೀವು ಮಾಡಿಸಿದ ನಕ್ಷೆ ತಲುಪಿತು. ದಿಮ್ಮಿಯ ಮೇಲೆ ದಿಮ್ಮಿ ಪೇರಿಸಿ ಗೋಡೆ ಎಬ್ಬಿಸುವ ಮನೆ, ಅದೂ ರಜೆಗೆ ಬಂದು ಹೋಗುವುದಕ್ಕಲ್ಲ, ಬೆಂಗಳೂರು ಬಿಟ್ಟು ಬಂದು ಖಾಯಂ ಇರುವುದಕ್ಕೆ ಎಂದು ಬರೆದಿದ್ದೀಯ. ನಿಮ್ಮ ಅಪ್ಪ ಓದಿ ನಕ್ಕರು. ನಾನು ನಗಲಿಲ್ಲ, ಲೋಕೋಪಯೋಗಿ ಇಲಾಖೆಯ ಕೆಲಸದಲ್ಲಿ ಇಷ್ಟು ವರ್ಷ ಕಳೆದವಳಿಗೆ ನಕ್ಷೆ ಕಂಡರೆ ಮೊದಲು ಕೈ ಹೋಗುವುದು ಅಳತೆಪಟ್ಟಿಗೆ. ಕೆಲವು ವಿಷಯಗಳನ್ನು ಫೋನಿನಲ್ಲಿ ಹೇಳಿದರೆ ನಿಲ್ಲುವುದಿಲ್ಲವೆಂದು ಬರೆದೇ ಕಳಿಸುತ್ತಿದ್ದೇನೆ.

ಇಂಥ ಮನೆ ಬಾಳುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ರಷ್ಯಾದ ಒನೇಗಾ ಸರೋವರದ ಕಿಝಿ ದ್ವೀಪದಲ್ಲಿ 1714ರಲ್ಲಿ ಕಟ್ಟಿದ, 22 ಗುಮ್ಮಟಗಳ, 37 ಮೀಟರ್ ಎತ್ತರದ ಮರದ ಚರ್ಚು ಇಂದಿಗೂ ನಿಂತಿದೆ. ಆದರೆ ಅದು ತಾನಾಗಿ ನಿಂತಿಲ್ಲ. ಈಚಿನ ದುರಸ್ತಿಯಲ್ಲಿ ಮೇಲಿನ ಭಾಗವನ್ನು ಎತ್ತಿ ಹಿಡಿದು, ಕೆಳಗಿನ ವರಸೆಗಳಲ್ಲಿ ಕೊಳೆತ ದಿಮ್ಮಿಗಳನ್ನು ಬದಲಿಸಿ, ಮತ್ತೆ ಇಳಿಸಿ ಕೂಡಿಸಿದರು. ಕಟ್ಟುವ ಖರ್ಚಿನ ಜೊತೆಗೆ ಕಾಯುವ ಖರ್ಚನ್ನೂ ಬದುಕಿರುವವರೆಗೆ ಒಪ್ಪಿಕೊಳ್ಳುತ್ತೀರಾ ಎಂಬುದೊಂದೇ ನನ್ನ ಪ್ರಶ್ನೆ.

ಮೊದಲು ಮರ ಜಗ್ಗುವ ಸಂಗತಿ. ಮರ ಒಣಗುವಾಗ ಉದ್ದದಲ್ಲಿ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ; ಕುಗ್ಗುವುದೆಲ್ಲ ಅಡ್ಡಕ್ಕೆ, ಅಂದರೆ ದಪ್ಪದಲ್ಲಿ. ನಿಂತ ಕಂಬ ಅಷ್ಟೇ ಎತ್ತರ ಉಳಿಯುತ್ತದೆ, ಮಲಗಿಸಿ ಪೇರಿಸಿದ ದಿಮ್ಮಿಯ ಗೋಡೆ ಮಾತ್ರ ಕೆಳಗಿಳಿಯುತ್ತದೆ. ಹಸಿ ದಿಮ್ಮಿಯಿಂದ ಎಬ್ಬಿಸಿದ 10 ಅಡಿಯ ಗೋಡೆ ಮೊದಲ ಕೆಲವು ವರ್ಷಗಳಲ್ಲಿ ನಾಲ್ಕೈದು ಇಂಚು ಇಳಿಯಬಹುದು. ಆದ್ದರಿಂದಲೇ ಬಲ್ಲವರು ಬಾಗಿಲು ಕಿಟಕಿಗಳ ಚೌಕಟ್ಟಿನ ಮೇಲೆ ಖಾಲಿ ಅಂತರ ಬಿಟ್ಟು, ಅದನ್ನು ಹತ್ತಿಯಂಥ ಮೆತ್ತನೆಯ ಪದಾರ್ಥದಿಂದ ತುಂಬಿ, ಹೊರಗೆ ಒಂದು ಪಟ್ಟಿ ಮುಚ್ಚುತ್ತಾರೆ. ಚೌಕಟ್ಟನ್ನು ಗೋಡೆಗೆ ಮೊಳೆ ಹೊಡೆದು ಬಿಗಿಯದೆ ಉದ್ದಕ್ಕೆ ಕೊರೆದ ತೋಡಿನಲ್ಲಿ ಜಾರುವಂತೆ ಕೂಡಿಸುತ್ತಾರೆ. ಕಂಬಗಳ ಬುಡಕ್ಕೆ ಸ್ಕ್ರೂ ಜ್ಯಾಕ್, ಅಂದರೆ ತಿರುಗಿಸಿ ಎತ್ತರ ಏರಿಳಿಸುವ ತಿರುಪು, ಇಟ್ಟು ಗೋಡೆ ಇಳಿದಂತೆ ಅದನ್ನೂ ಇಳಿಸುತ್ತ ಹೋಗುತ್ತಾರೆ. ನಿಮ್ಮ ನಕ್ಷೆಯಲ್ಲಿ ಪಡಸಾಲೆಯ ನಾಲ್ಕು ಕಂಬಗಳಿಗೂ ಇಂಥ ಏರ್ಪಾಡು ಕಾಣಲಿಲ್ಲ. ಹಾಗೇ ಕಟ್ಟಿದರೆ ಗೋಡೆ ಇಳಿದು ಕಂಬ ಇಳಿಯದೆ ಚಾವಣಿಯ ನಡು ಉಬ್ಬಿಕೊಳ್ಳುತ್ತದೆ. ಅಡುಗೆಮನೆ, ಬಚ್ಚಲುಗಳನ್ನು ಇಟ್ಟಿಗೆಯಲ್ಲೇ ಕಟ್ಟುವ ನಿರ್ಧಾರ ಬಹಳ ಸರಿಯಾದದ್ದು. ಆದರೆ ಆ ಇಟ್ಟಿಗೆಯ ಗೋಡೆಯೂ ಇಳಿಯದ ಜಾತಿಯದ್ದೇ, ದಿಮ್ಮಿಯ ಗೋಡೆಯೊಂದಿಗೆ ಅದನ್ನು ಸಿಮೆಂಟಿನಿಂದ ಬೆಸೆಯಕೂಡದು. ನಳದ ಕೊಳವೆಗಳಿಗೂ ಅಲ್ಲಲ್ಲಿ ಜಗ್ಗಿಕೊಳ್ಳುವ ಕೀಲು ಬೇಕು.

ಇನ್ನು ಮರ ಯಾವುದು? ಮಾರುವವರು ತೋರಿಸುವುದು ಹೊರದೇಶದ ಪೈನ್ ದಿಮ್ಮಿ. ಫಿನ್ಲೆಂಡಿನಂಥ ಶೀತದೇಶದಲ್ಲಿ ಅದೇ ಮರ ತಲೆಮಾರುಗಟ್ಟಲೆ ಬಾಳುತ್ತದೆ, ಏಕೆಂದರೆ ಅಲ್ಲಿ ಒರಲೆಯೇ ಇಲ್ಲ. ನಮ್ಮ ಮಣ್ಣಿನಲ್ಲಿ ಒರಲೆ ಇಲ್ಲದ ಜಾಗ ಹುಡುಕಬೇಕು. ಪೈನ್, ಸಿಲ್ವರ್ ಓಕ್ ತರುವುದಾದರೆ ಒತ್ತಡದಲ್ಲಿ ಔಷಧ ಹೀರಿಸಿದ್ದನ್ನೇ ತರಬೇಕು. ಮೇಲೆ ಬಳಿದ ಔಷಧ ಸಾಲದು. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಬೆರೆತ ಔಷಧದ ಮರವಾದರೆ ಕತ್ತರಿಸಿ ಉಳಿದ ಚೂರುಗಳನ್ನು ಒಲೆಗೆ ಹಾಕಿಸಬೇಡ, ಕೂಲಿಯವರಿಗೂ ಒಯ್ಯಗೊಡಬೇಡ. ಆ ಹೊಗೆ, ಬೂದಿ ಎರಡೂ ವಿಷ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ಔಷಧ ಮನುಷ್ಯರಿಗೆ ಅಷ್ಟು ಅಪಾಯವಲ್ಲ, ಆದರೆ ಮಳೆನೀರಿಗೆ ತೊಳೆದು ಹೋಗುತ್ತದೆ, ಹಾಗಾಗಿ ಅದು ಒಳಗೋಡೆಗಳ ಪಾಲಿಗೆ ಸರಿ. ಸಾಗವಾನಿಯ ಕೆಚ್ಚಿಗೆ, ಅಂದರೆ ಒಳಗಿನ ಗಟ್ಟಿ ಭಾಗಕ್ಕೆ, ಈ ಯಾವ ಗೊಡವೆಯೂ ಇಲ್ಲ. ಅದರ ಹೊರಗಿನ ಬಿಳಿ ಭಾಗಕ್ಕೆ ಮಾತ್ರ ಹುಳು ಬೀಳುತ್ತದೆ.

ಹಾಗಾದರೆ ಸಾಗವಾನಿಯಲ್ಲೇ ಕಟ್ಟೋಣ ಎಂದು ಅಳಿಯಂದಿರು ಹೇಳಬಹುದು. ಲೆಕ್ಕ ಹಾಕಿ ನೋಡಿದೆ. ಸುತ್ತಳತೆ 130 ಅಡಿ, ಎತ್ತರ 9 ಅಡಿ, ದಪ್ಪ 8 ಇಂಚು ಹಿಡಿದರೆ ಹೊರಗೋಡೆಗೇ ಸುಮಾರು 780 ಘನ ಅಡಿ ಬೇಕು. ಬಾಗಿಲು ಕಿಟಕಿಗಳನ್ನು ಕಳೆದರೂ ಏಳುನೂರರ ಹತ್ತಿರ. ಸಾಧಾರಣ ತಲಬಾಗಿಲಿನ ಚೌಕಟ್ಟಿಗೆ ಎರಡು ಘನ ಅಡಿಯಷ್ಟು ಸಾಗವಾನಿ ಕೊಳ್ಳುವಾಗಲೇ ನಮ್ಮಂಥವರು ಎರಡು ಸಲ ಯೋಚಿಸುತ್ತೇವೆ. ದಾಂಡೇಲಿ, ಹಳಿಯಾಳದ ಸರಕಾರಿ ಡಿಪೋಗಳ ಹರಾಜಿನಲ್ಲಿ ಕೊಂಡರೆ ರಸೀದಿ ಮತ್ತು ಸಾಗಣೆ ಪಾಸು ಕೈಯಲ್ಲಿರುತ್ತವೆ. ಯಾರದೋ ಹೊಲದ ಮರ ಅಗ್ಗಕ್ಕೆ ಸಿಗುತ್ತದೆಂದು ಮುಂದಾಗಬೇಡ. 1976ರ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಖಾಸಗಿ ಜಮೀನಿನ ಮರ ಕಡಿಯುವುದಕ್ಕೂ ಅನುಮತಿಯ ಪ್ರಶ್ನೆ ಬರುತ್ತದೆ.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಕಂಬ, ತೊಲೆ, ಜಂತಿಗಳಿಗೆ ಅಷ್ಟೊಂದು ಮರ ಸುರಿದವರು ಗೋಡೆಯನ್ನು ಮಾತ್ರ ಕಲ್ಲು ಮಣ್ಣಿನಲ್ಲೇ ಎಬ್ಬಿಸಿದರು. ಕಂಬವನ್ನೂ ನೆಲಕ್ಕೆ ತಾಗಗೊಡದೆ ಕಲ್ಲಿನ ಪೀಠದ ಮೇಲೆ ನಿಲ್ಲಿಸಿದರು. ದಿಮ್ಮಿಯ ಮನೆಯಲ್ಲೂ ಎಲ್ಲಕ್ಕಿಂತ ಮುಖ್ಯವಾದದ್ದು ಈ ಪಾಯವೇ. ಕಲ್ಲಿನ ಪಾಯ ನೆಲದಿಂದ ಕನಿಷ್ಠ ಎರಡೂವರೆ ಅಡಿ ಮೇಲೆ ಬರಲಿ, ಅದರ ತಲೆಯ ಮೇಲೆ ತಗಡಿನ ತಡೆ ಹಾಸಿ, ಅಂಚನ್ನು ಕೆಳಕ್ಕೆ ಬಾಗಿಸಲಿ. ತಗಡು ಒರಲೆಯನ್ನು ಕೊಲ್ಲುವುದಿಲ್ಲ. ಅದರ ಮಣ್ಣಿನ ದಾರಿಯನ್ನು ಅಂಚಿನ ಸುತ್ತ ಕಣ್ಣಿಗೆ ಬೀಳುವಂತೆ ಮಾಡುತ್ತದೆ, ಕಂಡೊಡನೆ ಕೆರೆದು ಔಷಧ ಹಾಕುವ ಕೆಲಸ ನಿನ್ನದು. ಪಾಯದ ಸುತ್ತ ಗಿಡ ಹಚ್ಚಿ ಅದನ್ನು ಮರೆಮಾಡಬೇಡ. ಅದೃಷ್ಟಕ್ಕೆ ನಿಮ್ಮದು ಕೆಂಪು ಮಣ್ಣು. ತೇವಕ್ಕೆ ಉಬ್ಬಿ ಒಣಗಿದಾಗ ಬಿರಿಯುವ ನವಲಗುಂದದ ಕಡೆಯ ಎರೆ ಭೂಮಿಯಾಗಿದ್ದರೆ ಈ ಪತ್ರ ಇನ್ನೂ ಉದ್ದವಾಗುತ್ತಿತ್ತು.

ಮಳೆ ಇಲ್ಲಿ ದಾಂಡೇಲಿಯಷ್ಟಿಲ್ಲ ನಿಜ, ಆದರೆ ಜೂನ್ ಜುಲೈನಲ್ಲಿ ಪಶ್ಚಿಮದ ಗಾಳಿ ಅದನ್ನು ಅಡ್ಡಡ್ಡ ಹೊಡೆಯುತ್ತದೆ. ಮರದಲ್ಲಿ ತೇವ ಶೇಕಡಾ 20ರ ಒಳಗಿದ್ದರೆ ಕೊಳೆಸುವ ಬೂಷ್ಟು ಬೆಳೆಯಲಾರದು. ಚಾವಣಿ ಪಶ್ಚಿಮಕ್ಕೂ ದಕ್ಷಿಣಕ್ಕೂ ನಾಲ್ಕು ಅಡಿಯಾದರೂ ಮುಂದೆ ಚಾಚಲಿ; ಎರಡು ಅಡಿ ಚೆಂದ ಕಾಣುತ್ತದೆಂದು ನಕ್ಷೆಗಾರರು ಹೇಳಿದರೆ ಕೇಳಬೇಡ. ದಿಮ್ಮಿ ಒಣಗುತ್ತ ಸೀಳುವುದು ಸಹಜ. ಕೆಳಮುಖದ ಸೀಳಿಗೆ ಅಂಜಬೇಕಿಲ್ಲ, ಮೇಲ್ಮುಖದ ಸೀಳಿನಲ್ಲಿ ನೀರು ನಿಲ್ಲುತ್ತದೆ, ಅದನ್ನು ತುಂಬಿಸಬೇಕು. ಬಿಸಿಲು ಮಳೆ ಬೀಳುವ ಗೋಡೆಗಳಿಗೆ ಮೂರು ನಾಲ್ಕು ವರ್ಷಕ್ಕೊಮ್ಮೆ ಎಣ್ಣೆಯ ಲೇಪ ಆಗಲೇಬೇಕು.

ಬೆಂಕಿಯ ಬಗ್ಗೆ ನಿಮ್ಮ ಅಪ್ಪನಿಗಿರುವಷ್ಟು ಭಯ ನನಗಿಲ್ಲ. ದಪ್ಪ ಮರ ನಿಮಿಷಕ್ಕೆ ಮಿಲಿಮೀಟರಿಗಿಂತ ಕಡಿಮೆ ಒಳಗೆ ಸುಡುತ್ತದೆ, ಸುಟ್ಟ ಕರಿಪದರವೇ ಒಳಭಾಗವನ್ನು ಕಾಯುತ್ತದೆ. ವೈರಿಂಗ್ ಮಾತ್ರ ಗಟ್ಟಿ ಕೊಳವೆಯೊಳಗೆ ಹಾಯಲಿ. ಸಾಲ ಮತ್ತು ವಿಮೆಯ ವಿಷಯವನ್ನು ಮರಕ್ಕೆ ಮುಂಗಡ ಕೊಡುವ ಮೊದಲೇ ಬ್ಯಾಂಕಿನಲ್ಲಿ ಕೇಳಿ ಇತ್ಯರ್ಥ ಮಾಡಿಕೊಳ್ಳಿ.

ಸೆಕೆಗೆ ಮರದ ಗೋಡೆ ತಂಪು ಎಂದು ಬರೆದಿದ್ದೀಯ. ಎಂಟು ಇಂಚಿನ ದಿಮ್ಮಿ ಒಂಬತ್ತು ಇಂಚಿನ ಇಟ್ಟಿಗೆಗಿಂತ ನಾಲ್ಕೈದು ಪಟ್ಟು ಶಾಖ ತಡೆಯುತ್ತದೆ ಎಂಬುದು ದಿಟ. ಆದರೆ ಏಪ್ರಿಲ್ ಮಧ್ಯಾಹ್ನದ ಕಾವು ಒಳಗೆ ಬರುವುದು ಹೆಚ್ಚಾಗಿ ಚಾವಣಿಯಿಂದ. ಹಂಚಿನ ಕೆಳಗೆ ಹಲಗೆಯ ಅಟ್ಟ ಹಾಕಿಸದೆ ಗೋಡೆಗೆ ಮಾತ್ರ ಹಣ ಸುರಿದರೆ ಉಪಯೋಗವಿಲ್ಲ.

ನನ್ನ ಸಲಹೆ ಇಷ್ಟು: ಮಲಗುವ ಕೋಣೆಗಳ ಗೋಡೆಗಳನ್ನು ಕಲ್ಲಿನಲ್ಲಿ ಎಬ್ಬಿಸಿ, ಪಡಸಾಲೆಯೊಂದನ್ನೇ ಸಾಗವಾನಿ ದಿಮ್ಮಿಯಲ್ಲಿ ಕಟ್ಟಿ. ಬೇಕಾಗುವ ಮರ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಕಾಯುವುದಕ್ಕೂ ಸುಲಭ. ಪೂರ್ತಿ ದಿಮ್ಮಿಯದೇ ಬೇಕೆಂದರೆ ನಾನು ಅಡ್ಡಬರುವುದಿಲ್ಲ, ಆದರೆ ಆಗ ಮರವನ್ನು ಈ ವರ್ಷ ಕೊಂಡು ಚಪ್ಪರದ ಕೆಳಗೆ ಒಣಗಲು ಬಿಟ್ಟು ಕೆಲಸವನ್ನು ಮುಂದಿನ ದೀಪಾವಳಿ ಕಳೆದ ಮೇಲೆ ಹಿಡಿಯಿರಿ. ಕಂಬಗಳ ಬುಡದ ಜ್ಯಾಕು, ಕಿಟಕಿಗಳ ಮೇಲಿನ ಅಂತರ ಇವೆರಡನ್ನೂ ತೋರಿಸಿದ ನಕ್ಷೆ ಕಳಿಸಿದರೆ ಇಲ್ಲಿಯ ಬಡಿಗೇರರ ಮುಂದೆ ಹರವಿ, ಅವರ ಮಾತನ್ನೂ ಕೇಳಿ ಬರೆಯುತ್ತೇನೆ.

ಇಂತಿ,
ನಿನ್ನ ಅವ್ವ