ಠೇವಣಿಯ ಲೆಕ್ಕದ ಜೊತೆಗೆ ಸಿಬ್ಬಂದಿಯ ಬೆಳವಣಿಗೆಯನ್ನೂ ನೋಡಿ

ಮಾನ್ಯ ಸಂಪಾದಕರೇ,

ಬ್ಯಾಂಕ್ ಉದ್ಯೋಗಿಗಳ ಅತೃಪ್ತಿಯ ಮಾತು ಬಂದಾಗಲೆಲ್ಲ ಸಂಬಳ, ವರ್ಗಾವಣೆ, ಬಡ್ತಿಗಳ ಚರ್ಚೆಯೇ ಮುಂದಾಗುತ್ತದೆ; ಶಾಖೆಯ ಮುಖ್ಯಸ್ಥರು ಸಿಬ್ಬಂದಿಯೊಡನೆ ಹೇಗೆ ನಡೆದುಕೊಳ್ಳುತ್ತಾರೆಂಬುದನ್ನು ಯಾರೂ ಕೇಳುವುದಿಲ್ಲ. ಹಲವು ವರ್ಷ ನಗದು ಕೌಂಟರಿನಲ್ಲಿ ಕುಳಿತ ನನಗೆ, ಕೆಲಸದ ನೆಮ್ಮದಿ ಬಹುಮಟ್ಟಿಗೆ ಅಲ್ಲೇ ನಿರ್ಧಾರವಾಗುತ್ತದೆ ಎನಿಸಿದೆ.

ಒಂದು ಸಂಜೆ ನಗದು ತಾಳೆಯಾಗದೆ ಕೊರತೆ ಬಿದ್ದಿತ್ತು. ಅದನ್ನು ಕೈಯಿಂದ ತುಂಬಬೇಕಾದೀತೆಂಬ ಭಯದಲ್ಲಿ ನೋಟು ಎಣಿಸುವ ಬೆರಳುಗಳೇ ನಡುಗುತ್ತಿದ್ದವು. ವ್ಯವಸ್ಥಾಪಕರು ಲಿಖಿತ ವಿವರಣೆ ಕೇಳುವ ಬದಲು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕುಳಿತು, ನೋಟಿನ ಕಟ್ಟುಗಳನ್ನು ನನ್ನೊಡನೆ ಮತ್ತೆ ಎಣಿಸಿ, ಚಲನ್‌ಗಳನ್ನು ಒಂದೊಂದಾಗಿ ಗುರುತು ಹಾಕುತ್ತ ಹೋದರು. ಒಂದೇ ಜಮಾ ಚಲನ್ ಎರಡು ಬಾರಿ ನಮೂದಾಗಿದ್ದುದು ಸಿಕ್ಕಿತು. ಆ ತಪ್ಪನ್ನು ಅವರು ಮುಂದೆಂದೂ ಯಾರೆದುರೂ ಎತ್ತಿ ಆಡಲಿಲ್ಲ. ಅಲ್ಲಿಂದ ಮುಂದೆ ನನ್ನ ತಪ್ಪನ್ನು ಮುಚ್ಚಿಡಬೇಕೆಂದು ನನಗೆ ಒಮ್ಮೆಯೂ ಅನಿಸಿಲ್ಲ.

ದೂರವಾಣಿ ಸಂಸ್ಥೆ ಎಟಿ ಅಂಡ್ ಟಿಯಲ್ಲಿ ದಶಕಗಳ ಕಾಲ ದುಡಿದ ರಾಬರ್ಟ್ ಗ್ರೀನ್‌ಲೀಫ್ 1970ರಲ್ಲಿ ‘ಸೇವಕ ನಾಯಕತ್ವ’ದ, ಅಂದರೆ ನಾಯಕನಾದವನು ಮೊದಲು ತನ್ನ ಜನರ ಸೇವಕನಾಗಿರಬೇಕೆಂಬ, ವಿಚಾರವನ್ನು ಮುಂದಿಟ್ಟಾಗ ಕೊಟ್ಟ ಅಳತೆಗೋಲು ಸರಳವಾಗಿತ್ತು: ನಾಯಕನ ಕೈಕೆಳಗಿನವರು ವ್ಯಕ್ತಿಗಳಾಗಿ ಬೆಳೆಯುತ್ತಿದ್ದಾರೆಯೇ, ಮೊದಲಿಗಿಂತ ವಿವೇಕಿಗಳೂ ಸ್ವತಂತ್ರರೂ ಆಗುತ್ತಿದ್ದಾರೆಯೇ? ಇದು ಶಿಸ್ತನ್ನು ಸಡಿಲಿಸುವ ಆಡಳಿತವೆಂದು ಭಾವಿಸುವವರಿದ್ದಾರೆ. ನನ್ನ ವ್ಯವಸ್ಥಾಪಕರು ಆ ಸಂಜೆ ತಾಳೆಯಾಗುವವರೆಗೆ ಎದ್ದಿರಲಿಲ್ಲ ಎಂಬುದೇ ಅದಕ್ಕೆ ಉತ್ತರ. ಸಂಬಳ ಸಾಲದಿದ್ದರೆ ಅತೃಪ್ತಿ ಹುಟ್ಟುತ್ತದೆ, ಆದರೆ ತೃಪ್ತಿ ಹುಟ್ಟುವುದು ಮನ್ನಣೆ, ಹೊಣೆ, ಬೆಳವಣಿಗೆಗಳಿಂದ ಎಂದು ಅಮೆರಿಕದ ಮನೋವಿಜ್ಞಾನಿ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲೇ ವಾದಿಸಿದ್ದರು. ಆ ಮೂರೂ ಗುಮಾಸ್ತನಿಗೆ ತಲುಪಬೇಕಾದರೆ ಶಾಖೆಯ ಮುಖ್ಯಸ್ಥರ ಮನಸ್ಸು ಬೇಕು.

ಟಾರ್ಗೆಟ್ ಮೇಲಿನಿಂದ ಬರುವಾಗ ಒಬ್ಬ ವ್ಯವಸ್ಥಾಪಕರು ಎಷ್ಟು ಮಾಡಬಲ್ಲರು ಎಂಬ ಪ್ರಶ್ನೆ ನ್ಯಾಯವಾದದ್ದೇ. ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನಲ್ಲಿ ಮಾರಾಟದ ಒತ್ತಡಕ್ಕೆ ಸಿಬ್ಬಂದಿ ಗ್ರಾಹಕರಿಗೆ ತಿಳಿಯದಂತೆ ಖಾತೆ ತೆರೆದದ್ದು ಬಯಲಾಗಿ, 2016ರಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು. ಸುಮಾರು 5,300 ನೌಕರರು ಕೆಲಸ ಕಳೆದುಕೊಂಡರು. ಅಷ್ಟು ಜನರ ಸಂಕಟವನ್ನು ಕಿವಿಗೊಟ್ಟು ಕೇಳಿ ಮೇಲಕ್ಕೆ ಮುಟ್ಟಿಸುವುದೂ ಮುಖ್ಯಸ್ಥರ ಕೆಲಸವೇ ಆಗಿತ್ತು.

ಆದ್ದರಿಂದ ಬ್ಯಾಂಕುಗಳ ಆಡಳಿತ ಮಂಡಳಿಗಳಲ್ಲಿ ನನ್ನ ವಿನಂತಿ ಇಷ್ಟೇ: ವ್ಯವಸ್ಥಾಪಕರ ವಾರ್ಷಿಕ ಮೌಲ್ಯಮಾಪನದಲ್ಲಿ ಠೇವಣಿ, ಸಾಲದ ಅಂಕಿಗಳ ಪಕ್ಕದಲ್ಲೇ, ಅವರ ಕೈಕೆಳಗೆ ಎಷ್ಟು ಮಂದಿ ಹೊಸ ಕೆಲಸ ಕಲಿತರು, ಎಷ್ಟು ಮಂದಿ ವರ್ಗಾವಣೆ ಬೇಡಿ ಹೊರಟುಹೋದರು ಎಂಬುದನ್ನೂ, ಹೆಸರು ಗುಪ್ತವಾಗಿಟ್ಟು ಸಂಗ್ರಹಿಸಿದ ಸಿಬ್ಬಂದಿಯ ಅಭಿಪ್ರಾಯವನ್ನೂ ದಾಖಲಿಸಬೇಕು.

— ಒಬ್ಬ ಬ್ಯಾಂಕ್ ಉದ್ಯೋಗಿ