ಅಪ್ಪನ ಹುಳುಕಡ್ಡಿ ಮಾತ್ರೆಯ ವಿಷಯ

ಫೀನಿಕ್ಸ್, ಅರಿಜೋನಾ

ಪ್ರೀತಿಯ ಅಮ್ಮಾ,

ಅಪ್ಪನ ಹುಳುಕಡ್ಡಿಗೆ ಮೆಡಿಕಲ್ ಶಾಪಿನಿಂದ ಮಾತ್ರೆ ತರಿಸುತ್ತೇನೆ ಅಂದೆಯಲ್ಲ, ದಯವಿಟ್ಟು ತರಿಸಬೇಡ. ಫೋನಿನಲ್ಲಿ ಹೇಳೋಣ ಅಂದರೆ ಅಪ್ಪ ಮಧ್ಯೆ ಬಾಯಿ ಹಾಕುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಹುಳುಕಡ್ಡಿಗೆ ಎಷ್ಟೋ ಸಲ ಕೊಡುವುದು ಫ್ಲುಕೊನಜೋಲ್, ಇಲ್ಲವೇ ಇಟ್ರಾಕೊನಜೋಲ್. ಕಸಿ ಮಾಡಿದ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲಿ ಅಂತ ಅಪ್ಪ ದಿನಾ ನುಂಗುವ, ರೋಗನಿರೋಧಕ ಶಕ್ತಿ ತಗ್ಗಿಸುವ ಟ್ಯಾಕ್ರೋಲಿಮಸ್ಸನ್ನು ಕರಗಿಸುವುದು ಲಿವರ್. ಈ ಮಾತ್ರೆಗಳು ಆ ಕೆಲಸವನ್ನೇ ನಿಧಾನ ಮಾಡುತ್ತವೆ. ಆಗ ರಕ್ತದಲ್ಲಿ ಟ್ಯಾಕ್ರೋಲಿಮಸ್ ಏರುತ್ತದೆ, ಕೈ ನಡುಗುತ್ತದೆ, ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಜಾಸ್ತಿಯಾಗುತ್ತದೆ. ಪೆಟ್ಟು ಬೀಳುವುದು ಕಿಡ್ನಿಗೇ. ಡಾಕ್ಟರು ಚಕ್ಕೋತ ಬೇಡ ಅನ್ನುವುದೂ ಇದೇ ಕಾರಣಕ್ಕೆ. ಅಪ್ಪ ಅದು ಥಂಡಿ ಅಂತ ತಿಳಿದುಕೊಂಡಿದ್ದಾರೆ, ಅಲ್ವಾ? ಡಾಕ್ಟರೇ ಮಾತ್ರೆ ಬರೆದರೆ ಬೇರೆ ಮಾತು. ಅವರು ಟ್ಯಾಕ್ರೋಲಿಮಸ್ ಡೋಸ್ ಇಳಿಸಿ, ರಕ್ತದಲ್ಲಿ ಅದರ ಲೆವೆಲ್ ನೋಡುತ್ತಾ ಕೊಡುತ್ತಾರೆ. ಮುಲಾಮನ್ನೂ ಅವರನ್ನೇ ಕೇಳು. ಅಂಗಡಿಯ ಎಷ್ಟೋ ಮುಲಾಮುಗಳಲ್ಲಿ ಸ್ಟಿರಾಯ್ಡ್ ಬೆರೆತಿರುತ್ತದೆ. ತುರಿಕೆ ನಿಲ್ಲುತ್ತದೆ, ಹುಳುಕಡ್ಡಿ ಹರಡುತ್ತಲೇ ಇರುತ್ತದೆ.

ಇಲ್ಲಿನ ಮರುಭೂಮಿಯ ಮಣ್ಣಲ್ಲೇ ಒಂದು ಫಂಗಸ್ ಇದೆ. ಅದರಿಂದ ಬರುವ ಕಾಯಿಲೆಗೆ ವ್ಯಾಲಿ ಫೀವರ್ ಅಂತಾರೆ. ಗಾಳಿ ಎದ್ದರೆ ಧೂಳಿನ ಜೊತೆ ಶ್ವಾಸಕೋಶಕ್ಕೆ ಹೋಗುತ್ತದೆ. ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ, ಇಲ್ಲವೇ ಕೆಮ್ಮು, ಜ್ವರ ಬಂದು ಹೋಗುತ್ತದೆ. ಕಿಡ್ನಿ ಕಸಿಯಾದವರಲ್ಲಿ ಮೂಳೆಗೆ, ಮಿದುಳಿನ ಪೊರೆಗೆ ಹರಡಬಹುದು. ಹಾಗಾಗಿ ನಮ್ಮ ಆಸ್ಪತ್ರೆಯ ವಾರ್ಡಿನಲ್ಲಿ ಅಂಥವರಿಗೆ ಕಾಯಿಲೆ ಬರುವ ಮೊದಲೇ ಫ್ಲುಕೊನಜೋಲ್ ಶುರುಮಾಡುತ್ತಾರೆ, ಲೆವೆಲ್ ನೋಡಿಕೊಂಡೇ.

ನಮ್ಮ ಸಾಗರದ ಕಡೆ ಆ ಫಂಗಸ್ ಇಲ್ಲ. ಆದರೆ ಬೂಷ್ಟು ಹಿಡಿದ ಹುಲ್ಲಿದೆ, ಗೊಬ್ಬರದ ಗುಂಡಿ ಇದೆ. ಅಲ್ಲಿ ಆಸ್ಪರ್ಜಿಲಸ್ ಅನ್ನುವ ಫಂಗಸ್ ಬೆಳೆಯುತ್ತದೆ. 2021ರಲ್ಲಿ ಕೋವಿಡ್ ಆದವರನ್ನು ಕಾಡಿದ ಬ್ಲ್ಯಾಕ್ ಫಂಗಸ್ ಜಾತಿಯವೂ ಇರುತ್ತವೆ. ಅವಕ್ಕೆ ಶುಗರ್ ಏರಿದವರೇ ಸುಲಭದ ತುತ್ತು. ಅಪ್ಪನ ಸ್ಟಿರಾಯ್ಡ್ ಮಾತ್ರೆ ಶುಗರ್ ಏರಿಸುತ್ತದೆ, ಟ್ಯಾಕ್ರೋಲಿಮಸ್ಸೂ ಏರಿಸುತ್ತದೆ. ಕಸಿಯಾದ ಮೊದಲ ಆರು ತಿಂಗಳು ಮದ್ದಿನ ಡೋಸ್ ಜಾಸ್ತಿ, ಅಪಾಯವೂ ಜಾಸ್ತಿ. ಸುಮ್ನೆ ಒಂದು ಸುತ್ತು ನೋಡಿಬರುತ್ತೇನೆ ಅಂತ ಅವರು ಕೊಟ್ಟಿಗೆಗೆ ಹೊರಟರೆ ಗದರು. ಕೊಟ್ಟಿದ್ದು ನಿನ್ನ ಕಿಡ್ನಿ, ಆ ಹಕ್ಕು ನಿನಗಿದೆ.

ಸೆಪ್ಟ್ರಾನ್ ಮಾತ್ರೆ ಬಿಡುವುದು ಬೇಡ. ನ್ಯುಮೋಸಿಸ್ಟಿಸ್ ಅನ್ನುವ ಫಂಗಸ್ ನ್ಯುಮೋನಿಯಾ ತರಬಾರದು ಅಂತಲೇ ಅದನ್ನು ಕೊಟ್ಟಿರುವುದು. ಸಣ್ಣ ಜ್ವರ, ಬಿಡದ ಕೆಮ್ಮು, ಮುಖದ ಒಂದೇ ಕಡೆ ಊತ, ಮೂಗಿನಲ್ಲಿ ಕಪ್ಪು ಹಕ್ಕಳೆ ಕಂಡರೆ ಬೆಳಗಾಗುವವರೆಗೆ ಕಾಯಬೇಡ. ಆಸ್ಪತ್ರೆಗೆ ಫೋನ್ ಮಾಡು, ಆಮೇಲೆ ನನಗೆ.

ಈ ಸಲದ ಲೆವೆಲ್ ರಿಪೋರ್ಟಿನ ಫೋಟೋ ಕಳಿಸು.

ಇಂತಿ ನಿನ್ನ ಮಗಳು